ಗೆರಸೆಯ ಹಿಂದೆ ಬಿದ್ದ ದಾಳ

ನಿವೃತ್ತಳಾದೆ ಎಂದು ಹೇಳಿಕೊಂಡರೆ ನಮ್ಮ ಕಡೆ ಯಾರೂ ಶಾಲು ಹೊದಿಸುವುದಿಲ್ಲ. "ಹೌದಾ? ನಿಮಗೆ ಕೆಲಸ ಇತ್ತಾ?" ಎಂದು ಕೇಳುತ್ತಾರೆ. ಮರ್ಕಂಜದಲ್ಲಿ ತಮ್ಮನ ಮಗಳ ಮದುವೆಯ ದಿನ ಚಿಕ್ಕಮ್ಮ ನನ್ನನ್ನು ಬೀಗರಿಗೆ ಪರಿಚಯಿಸಿದ್ದು ಹೀಗೆ: "ಇವಳು ನಮ್ಮ ಸರೋಜ. ಪುತ್ತೂರಲ್ಲಿ, ದರ್ಬೆಯಲ್ಲಿ ಇರುದು. ಜನರನ್ನು ಕೂರಿಸಿ ದಾಳ ಹಾಕಿಸ್ತಾಳೆ." ಬೀಗರು ಪಾಯಸದ ಲೋಟವನ್ನು ಕೆಳಗಿಟ್ಟು ನನ್ನನ್ನು ಒಮ್ಮೆ ನೋಡಿದರು, ಆಮೇಲೆ ತಮ್ಮ ಮಗನನ್ನು ನೋಡಿದರು. ಜೂಜುಕಟ್ಟೆ ನಡೆಸುವವರ ಮನೆಯಿಂದ ಹೆಣ್ಣು ತಂದೆವಲ್ಲ ಎಂಬ ಚಿಂತೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ನಾನು ವಿವರಿಸಲು ಹೋದೆ. ವಿವರಿಸಿದಷ್ಟೂ ಕೆಟ್ಟಿತು.

ಈಗ ನಾನು ಬಿಟ್ಟ ಕುರ್ಚಿಯಲ್ಲಿ ಕೂರಲು ಇಬ್ಬರು ಹೊಸಬರು ಬಂದಿದ್ದಾರೆ. "ಅಕ್ಕ, ನಿಮ್ಮ ಅನುಭವ ಬರೆದು ಕೊಡಿ, ನಮಗೆ ಉಪಯೋಗ ಆಗ್ತದೆ" ಎಂದು ಗಂಟು ಬಿದ್ದರು. ನನ್ನ ಮಟ್ಟಿಗೆ ಅನುಭವ ಎಂಬುದು ಮಾಡಿದ ಎಡವಟ್ಟುಗಳಿಗೆ ಮರ್ಯಾದೆಯಿಂದ ಇಟ್ಟ ಹೆಸರು. ಅದು ನನ್ನಲ್ಲಿ ಧಾರಾಳ ಇದೆ, ಬರೆಯುತ್ತೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ, ಬೀಗರೂ ಓದಲಿ. ಒಂದು ಮೇಜು, ಸುತ್ತ ನಾಲ್ಕೈದು ಜನ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ರಾಜಕುಮಾರ, ವೈದ್ಯೆ, ಕಳ್ಳ. ವೇಷವಿಲ್ಲ, ರಂಗಸ್ಥಳವಿಲ್ಲ, ಕೂತಲ್ಲೇ ಆಟ. ನಡೆಸುವವಳು ಸನ್ನಿವೇಶ ಹೇಳುತ್ತಾಳೆ. "ಎದುರಿಗೆ ಗುಹೆ. ಒಳಗಿನಿಂದ ಗೊರಕೆ ಕೇಳ್ತಾ ಉಂಟು. ಈಗ ಎಂತ ಮಾಡ್ತೀರಿ?" ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಆಟಗಾರರ ಪಾತ್ರಗಳನ್ನು ಬಿಟ್ಟು ಉಳಿದದ್ದೆಲ್ಲ ನಡೆಸುವವಳೇ. ರಾಕ್ಷಸನೂ ಅವಳೇ, ಅಂಗಡಿಯವಳೂ ಅವಳೇ, ಮಳೆಯೂ ಎಮ್ಮೆಯೂ ಅವಳೇ. ನಾನು ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತಿದ್ದದ್ದು ಎಮ್ಮೆಯನ್ನು ಎಂದು ಶರೀಫರು ಈಗಲೂ ಹೇಳುತ್ತಾರೆ.

ಶರೀಫರು ನನ್ನ ಧಣಿ. ದರ್ಬೆಯ ಮುಖ್ಯರಸ್ತೆಯಲ್ಲಿ ಪೆನ್ನು, ಪುಸ್ತಕ, ಆಟಿಕೆಯ ಅಂಗಡಿ ಅವರದು. ಶಾರ್ಜಾದಲ್ಲಿ ಆಟಿಕೆ ಅಂಗಡಿಯಲ್ಲೇ ದುಡಿದು ಬಂದವರು. ಬರುವಾಗ ಅತ್ತರು, ಕಂಬಳಿಗಳ ನಡುವೆ ಈ ಆಟದ ಒಂದು ಪೆಟ್ಟಿಗೆಯನ್ನೂ ತಂದಿದ್ದರು. ನಾನು ಆಗ ಪಕ್ಕದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಮದುವೆ ಕಾಗದಗಳಲ್ಲಿ ವಧುವಿನ ಹೆಸರು ವರನ ಕೆಳಗೆ ಸರಿಯಾಗಿ ಕೂತಿದೆಯೋ ಎಂದು ನೋಡುವುದೇ ನನ್ನ ಲೋಕವಾಗಿತ್ತು. ಒಂದು ದಿನ ಶರೀಫರು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಸರೋಜಕ್ಕ, ಇದರ ಪುಸ್ತಕವನ್ನು ಒಮ್ಮೆ ಕನ್ನಡ ಮಾಡಿ ಕೊಡಿ. ಮೇಲಿನ ಕೋಣೆ ಖಾಲಿ ಉಂಟು, ಆಡಿಸಿ ನೋಡುವ" ಎಂದರು. ಮಾಡಿ ಕೊಟ್ಟೆ. ಮುದ್ರಣಾಲಯ ಮುಚ್ಚಿತು. ಮಾಡಿದ ತಪ್ಪಿಗೆ ಆಡಿಸುವ ಕೆಲಸವೂ ನನ್ನ ಕುತ್ತಿಗೆಗೇ ಬಿತ್ತು.

ಮೊದಲ ಆಟದ ಕತೆ ಕೇಳಿ. ಪುಸ್ತಕದಲ್ಲಿ ಇದ್ದ ಹಾಗೆಯೇ ಶುರು ಮಾಡಿದೆ. ನಾಲ್ವರು ವೀರರು ಊರ ಹೊರಗಿನ ಒಂದು ಹೋಟೆಲಿನಲ್ಲಿ ಕೂತಿದ್ದಾರೆ. ಅಪರಿಚಿತನೊಬ್ಬ ಬಂದು, ಬೆಟ್ಟದ ಮೇಲೆ ನಿಧಿ ಇದೆ, ಬರುತ್ತೀರಾ ಎಂದು ಕೇಳುತ್ತಾನೆ. ಪುಸ್ತಕದ ಪ್ರಕಾರ ವೀರರು ಕತ್ತಿ ಎತ್ತಿಕೊಂಡು ಹೊರಡಬೇಕು. ನಮ್ಮವರು ಹೊರಡಲಿಲ್ಲ. "ಹೋಟ್ಲಲ್ಲಿ ತಿನ್ಲಿಕ್ಕೆ ಎಂತ ಉಂಟು?" ಎಂದು ಒಬ್ಬರು ಕೇಳಿದರು. ಬನ್ಸ್ ಉಂಟು ಅಂದೆ. ಬಿಸಿ ಉಂಟಾ ಅಂದರು. ಅದು ಮುಗಿಯುವಾಗ ಅಜ್ಜಾವರದ ಶ್ಯಾಮ ಭಟ್ರು ಅಪರಿಚಿತನ ಕಡೆ ತಿರುಗಿದರು. ಈ ಭಟ್ರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು; ಕೂತಲ್ಲೇ ಇಡೀ ಪ್ರಸಂಗವನ್ನು ಮಾತಿನಲ್ಲೇ ನಡೆಸಿಬಿಡುವ ಜನ.

"ನಿಂಗೆ ಯಾವ ಊರಾಯ್ತು?"

"ಬಡಗಣ ದೇಶ" ಎಂದೆ, ಅಪರಿಚಿತನ ಗಂಭೀರ ಧ್ವನಿಯಲ್ಲಿ.

"ಬಡಗಣ ದೇಶದಲ್ಲಿ ಎಲ್ಲಿ? ಮನೆ ಹೆಸರು ಎಂತ?"

ಪುಸ್ತಕದಲ್ಲಿ ಮನೆ ಹೆಸರು ಇರಲಿಲ್ಲ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ: "ಮೇಲಿನ ಗುತ್ತು."

"ಓ, ಮೇಲಿನ ಗುತ್ತಿನವರಾ! ಹಾಗಾದ್ರೆ ನಮ್ಮ ದೊಡ್ಡಮ್ಮನ ಕಡೆಯಿಂದ ಸಂಬಂಧ ಆಗ್ಬೇಕು ನೀನು. ಬೆಟ್ಟ ಎಲ್ಲ ಬಿಡು ಮಾರಾಯ, ಮೊದಲು ಊಟ ಮಾಡು."

ಆ ದಿನ ಬೆಟ್ಟಕ್ಕೆ ಯಾರೂ ಹೋಗಲಿಲ್ಲ. ಸಂಬಂಧ ಯಾವ ದಾರಿಯಿಂದ ಬರುತ್ತದೆ ಎಂದು ಹುಡುಕುವುದರಲ್ಲೇ ಆಟ ಮುಗಿಯಿತು. ಎಲ್ಲರೂ ಬಹಳ ಚೆಂದ ಆಯಿತು ಎಂದು ಹೇಳಿ ಹೋದರು. ನಾನು ಪುಸ್ತಕ ಮುಚ್ಚಿ ತಲೆಯ ಮೇಲೆ ಕೈಹೊತ್ತು ಕೂತೆ. ಹೊಸಬರೇ, ನಾನು ಸ್ವಂತ ಬರೆದ ಮೊದಲ ನಿಯಮ ಇದು: ಕತೆಯಲ್ಲಿ ಯಾರೇ ಬರಲಿ, ರಾಕ್ಷಸನೇ ಆಗಲಿ, ಅವನ ಊರು ಮತ್ತು ಮನೆ ಹೆಸರು ಮೊದಲೇ ಸಿದ್ಧ ಇರಬೇಕು. ಇಲ್ಲದಿದ್ದರೆ ನಮ್ಮ ಜನ ಅವನ ಹತ್ತಿರ ಜಗಳ ಮಾಡುವುದಿರಲಿ, ನೀರು ಕೂಡ ಕೇಳುವುದಿಲ್ಲ.

ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಶಾರ್ಜಾದ ಪ್ಲಾಸ್ಟಿಕ್ ದಾಳಗಳು ನಮ್ಮ ಮಣ್ಣಿಗೆ ಒಗ್ಗುವುದಿಲ್ಲ, ಊರಿನದೇ ಏನಾದರೂ ಇರಲಿ ಎಂದು ಕವಡೆ ತಂದಿಟ್ಟೆ. ದೊಡ್ಡ ಆವಿಷ್ಕಾರ ಮಾಡಿದ ಹಾಗೆ ಬೀಗುತ್ತಿದ್ದೆ. ಭಟ್ರು ಕವಡೆ ಕಂಡವರೇ, ಜೋಯಿಸರ ಮುಂದೆ ಪ್ರಶ್ನೆಗೆ ಕೂರುವವರ ಹಾಗೆ, ಎದ್ದು ಹೋಗಿ ಕಾಲು ತೊಳೆದು ಬಂದು, "ಯಾವ ದಿಕ್ಕಿಗೆ ಮುಖ ಹಾಕ್ಬೇಕು?" ಎಂದು ಕೇಳಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಸೆರಗು ಸರಿಮಾಡಿಕೊಂಡು, ಮಗಳಿಗೆ ಸಂಬಂಧ ಯಾವಾಗ ಕೂಡಿ ಬರುತ್ತದೆ ನೋಡಿ ಎಂದು ಪಿಸುಗುಟ್ಟಿದರು. ನಾನು ಗುಹೆಯೊಳಗಿನ ಕರಡಿಯ ಬಗ್ಗೆ ಕೇಳಿದರೆ ಅವರು ಹುಡುಗನ ಕೆಲಸದ ಬಗ್ಗೆ ಕೇಳುತ್ತಿದ್ದರು. ಕವಡೆಗಳನ್ನು ಆ ದಿನವೇ ಡಬ್ಬಿಗೆ ಹಾಕಿದೆ. ಆ ಹೆಂಗಸಿನ ಮಗಳಿಗೆ ಆಮೇಲೆ ಬೇಗ ಮದುವೆಯಾಯಿತು. ಅವರು ಹಣ್ಣು ತೆಂಗಿನಕಾಯಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಾರೋ ಹೊಟ್ಟೆಕಿಚ್ಚಿನವರು ಠಾಣೆಗೆ ಹೇಳಿ ಪೊಲೀಸರೊಬ್ಬರು ಬಂದದ್ದೂ ಆ ಕಾಲದಲ್ಲೇ. ಪಾಪ, ಒಳ್ಳೆಯ ಮನುಷ್ಯ. ಕೂತು ನೋಡಿದರು.

"ಗೆದ್ದವರಿಗೆ ಎಂತ ಸಿಗ್ತದೆ?"

"ಏನೂ ಇಲ್ಲ ಸರ್."

"ಸೋತವರು ಎಂತ ಕೊಡ್ಬೇಕು?"

"ಏನೂ ಇಲ್ಲ."

"ಮತ್ತೆ ಯಾಕೆ ಆಡುದು?"

ಶರೀಫರು ಚಾ ತರಿಸಿದರು. ಪೊಲೀಸರು ಕುಡಿದು, ತಲೆ ಅಲ್ಲಾಡಿಸಿಕೊಂಡು ಇಳಿದು ಹೋದರು. ಆಟ ನಡೆಸುವವಳೇ ಆ ಪ್ರಶ್ನೆಗೆ ಉತ್ತರವಿಲ್ಲದೆ ಎಷ್ಟೋ ವರ್ಷ ಕುರ್ಚಿ ಬಿಸಿ ಮಾಡಿದಳು.

ಭಟ್ರ ಕತೆ ಇನ್ನೂ ಮುಗಿಯಲಿಲ್ಲ. ಒಂದು ಆಟದಲ್ಲಿ ಹೊಳೆಗೆ ಅಡ್ಡ ಜನ ದಾಟುವ ಒಂದು ಸಂಕ, ಸಂಕದ ತಲೆಯಲ್ಲಿ ಕಾವಲಿಗೆ ರಾಕ್ಷಸ. ಪುಸ್ತಕದಲ್ಲಿ ಇಲ್ಲಿ ಯುದ್ಧ. ನಾನು ರಾಕ್ಷಸನಿಗಾಗಿ ಧ್ವನಿ ಎಲ್ಲ ದಪ್ಪ ಮಾಡಿಕೊಂಡು ಸಿದ್ಧಳಾಗಿದ್ದೆ. ಭಟ್ರ ರಾಜಕುಮಾರ ಕತ್ತಿ ಮುಟ್ಟಲಿಲ್ಲ. "ಎಲವೋ, ಹೊಳೆ ನಿನ್ನ ಅಪ್ಪನದೋ? ಈ ಸಂಕ ಕಟ್ಟಿದ್ದು ಊರವರು. ಕಾಯುವುದಕ್ಕೆ ನಿನಗೆ ಅಪ್ಪಣೆ ಕೊಟ್ಟವರು ಯಾರು? ಅಪ್ಪಣೆ ಇಲ್ಲದೆ ಕಾಯುವವನು ಕಾವಲುಗಾರನೋ, ಕಳ್ಳನೋ?" ಎಂದು ಶುರುಮಾಡಿದರು. ನಾನು ಒಂದು ಹೇಳಿದರೆ ಅವರು ಹತ್ತು ಹೇಳಿದರು. ಚಾ ಬಂತು, ಹೋಯಿತು. ಕೊನೆಗೆ ನನ್ನ ರಾಕ್ಷಸ ಸೋತು, ಗದೆಯನ್ನು ಭಟ್ರಿಗೆ ಒಪ್ಪಿಸಿ, ಸನ್ಯಾಸ ತೆಗೆದುಕೊಂಡು ಕಾಡಿಗೆ ಹೋದ. ದಾಳ ಒಮ್ಮೆಯೂ ಉರುಳಲಿಲ್ಲ. ಅಂದಿನಿಂದ ಎಲ್ಲರಿಗೂ ವಾದದ ಹುಚ್ಚು ಹಿಡಿಯಿತು. ಬೀಗ ಹಾಕಿದ ಬಾಗಿಲಿನ ಹತ್ತಿರ ವಾದ, ಹಾವಿನ ಹತ್ತಿರ ವಾದ.

"ಅಕ್ಕ, ಇದಕ್ಕೆ ಒಂದು ನಿಯಮ ಮಾಡಿ. ನನಗೆ ಅಂಗಡಿ ಮುಚ್ಚಿ ಮನೆಗೆ ಹೋಗ್ಲಿಕ್ಕುಂಟು" ಎಂದರು ಶರೀಫರು. ಮಾಡಿದೆ. ವಾದಕ್ಕೆ ಮೂರು ಮಾತು. ಮೂರು ಮಾತು ಮುಗಿದ ಕೂಡಲೇ ಶರೀಫರು ಕೆಳಗಿನ ಕೌಂಟರಿನಿಂದ ತಂದಿಟ್ಟ ಗಂಟೆ ಬಾರಿಸುತ್ತಾರೆ. ಮಾತು ಚೆನ್ನಾಗಿದ್ದರೆ ದಾಳದ ಸಂಖ್ಯೆಗೆ ಸ್ವಲ್ಪ ಸೇರುತ್ತದೆ, ಅಷ್ಟೇ. ತಾಳಮದ್ದಳೆಯಲ್ಲಿ ಹಾಡುವ ಭಾಗವತರು ಪದ ಎತ್ತಿದರೆ ಅರ್ಥ ನಿಲ್ಲಿಸಬೇಕಲ್ಲ, ಆ ಲೆಕ್ಕದಲ್ಲಿ ಭಟ್ರು ಗಂಟೆಗೆ ಒಪ್ಪಿದರು. ನನ್ನ ಜೀವಮಾನದಲ್ಲಿ ನಾನು ಮಾಡಿದ ಒಳ್ಳೆಯ ನಿಯಮ ಅದೊಂದೇ. ಅದನ್ನೂ ಬೇರೆಯವರು ಹೇಳಿ ಮಾಡಿಸಿದ್ದು.

ಅದು ಗೆದ್ದ ಸೊಕ್ಕಿಗೆ ಮತ್ತೆ ನನ್ನನ್ನು ಹಿಡಿಯುವವರಿರಲಿಲ್ಲ. ಕರಡು ತಿದ್ದಿದ ಕೈ, ಎಲ್ಲಿ ಖಾಲಿ ಕಂಡರೂ ತುಂಬಿಸಬೇಕು. ಹೊಳೆ ದಾಟಲು ನಿಯಮ, ಜಿಗಣೆ ಹತ್ತಿದರೆ ನಿಯಮ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯಲು ಪುಟಗಟ್ಟಲೆ ನಿಯಮ. ಪರಿಣಾಮ ಏನಾಯಿತೆಂದರೆ, ಒಂದು ಆಟದಲ್ಲಿ ರಾಜಕುಮಾರ ಯುದ್ಧಕ್ಕೆ ಹೊರಟು ಅಂಗಳ ದಾಟುವಾಗಲೇ ಜಾರಿ ಕಾಲು ಮುರಿದುಕೊಂಡ. ನನ್ನದೇ ನಿಯಮದ ಪ್ರಕಾರ ಅವನಿಗೆ ಮೂರು ತಿಂಗಳು ಮಂಚ. ಯುದ್ಧ ಬಿಟ್ಟು ಉಳಿದವರೆಲ್ಲ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಅವನನ್ನು ನೋಡಲು ಬಂದರು.

ಆ ಗಲಾಟೆಯ ದಿನವೇ ಏಲಿಯಮ್ಮ ಸಿಸ್ಟರ್ ನಮ್ಮ ಮೆಟ್ಟಿಲು ಹತ್ತಿದ್ದು. ಕಡಬ–ನೆಲ್ಯಾಡಿ ನಡುವೆ ಅವರ ರಬ್ಬರ್ ತೋಟ. ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು, ಗಂಡ ತೀರಿಹೋಗಿ ಮಗಳು ಜೆಸ್ಸಿಯ ಜೊತೆ ಇದ್ದರು. ಮೊಮ್ಮಗುವಿಗೆ ಪೆನ್ಸಿಲ್ ತೆಗೆದುಕೊಳ್ಳಲು ಬಂದವರು ಮೇಲಿನಿಂದ "ಕಾಲು ಮುರೀತು, ಕಾಲು ಮುರೀತು" ಎಂಬ ಬೊಬ್ಬೆ ಕೇಳಿ ಓಡಿ ಬಂದರು.

"ಎಲ್ಲಿ ಪೇಶಂಟು?"

ಭಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಂಡು "ನಾನೇ" ಎಂದರು. ಸಂಗತಿ ಏನೆಂದು ತಿಳಿದಾಗ ಸಿಸ್ಟರ್ ನಕ್ಕ ನಗು ಕೆಳಗೆ ರಸ್ತೆಯವರೆಗೆ ಕೇಳಿಸಿರಬೇಕು. ಆಮೇಲೆ ನನ್ನ ಪಾಚಿಯ ನಿಯಮವನ್ನು ಇಡೀ ಓದಿದರು.

"ಬರ್ದದ್ದು ಸರಿ ಉಂಟು ಸರೋಜಕ್ಕ. ಮಳೆಗಾಲದಲ್ಲಿ ನಮಗೆ ಬರ್ತಿದ್ದ ಕೇಸು ಹೆಚ್ಚಿನದ್ದು ಇದೇ. ಆದ್ರೆ ಅವನ ಅಂಗಳ ಅವನಿಗೆ ಗೊತ್ತಿಲ್ವಾ? ದಿನಾ ನಡೆಯುವ ಜಾಗಕ್ಕೆ ದಾಳ ಯಾಕೆ? ಅನುಮಾನ ಇದ್ದಲ್ಲಿ ಹಾಕಿ. ಅನುಮಾನ ಇಲ್ಲದ ಕಡೆ ದಾಳ ಬೇಡ."

ಇಷ್ಟು ವರ್ಷ ನಿಯಮ ಬರೆದ ನನಗೆ ಹೊಳೆಯದ ಸಾದಾ ಮಾತು. ಮುಖ ಹುಳ್ಳಗೆ ಮಾಡಿಕೊಂಡು ಬರೆದುಕೊಂಡೆ. ಆಮೇಲೆ ಅವರು ಪ್ರತಿ ಶನಿವಾರ ಬಸ್ಸಿನಲ್ಲಿ ಬಂದರು. ಯಾವ ಪಾತ್ರ ಬೇಕು, ವೈದ್ಯೆಯಾಗುತ್ತೀರಾ ಎಂದು ಕೇಳಿದೆ.

"ಬೇಡ ಮಾರಾಯ್ತಿ! ಜೀವಮಾನ ಇಡೀ ಒಳ್ಳೆ ಸಿಸ್ಟರ್ ಅನ್ನಿಸಿಕೊಂಡದ್ದು ಸಾಕು. ನನಗೆ ಕಳ್ಳ ಆಗ್ಬೇಕು. ಹೆಸರು ಪೈಲಿ."

ಪೈಲಿಯಂಥ ಕಳ್ಳನನ್ನು ನಾನು ಕಂಡಿಲ್ಲ. ಹಲಸಿನ ಹಣ್ಣು ಕದಿಯುವನು, ಕೋಳಿ ಕದಿಯುವನು. ಭಟ್ರ ರಾಜಕುಮಾರ ಯಾರ ಹತ್ತಿರವೋ ವಾದಕ್ಕೆ ನಿಂತಿದ್ದಾಗ ಅವನ ಚಪ್ಪಲಿಯನ್ನೇ ಕದ್ದುಬಿಟ್ಟ. ರಾಜಕುಮಾರ ವಾದದಲ್ಲಿ ಗೆದ್ದು ಬರಿಗಾಲಿನಲ್ಲಿ ಮನೆಗೆ ಹೋಗಬೇಕಾಯಿತು. ಸಿಸ್ಟರ್ ಇದ್ದ ಶನಿವಾರ ಮೇಜು ತುಂಬಿದ ಹಾಗೆ ಇರುತ್ತಿತ್ತು. ನನಗೆ ಅವರು ಎಷ್ಟು ಬೇಕಾದವರೆಂದು ಅವರಿಗೆ ಒಮ್ಮೆಯೂ ಹೇಳಿದವಳಲ್ಲ. ನಮ್ಮ ಕಡೆ ಹಾಗೆಲ್ಲ ಹೇಳುವ ಅಭ್ಯಾಸ ಇಲ್ಲ.

ಈಗ ಗೆರಸೆಯ ವಿಷಯಕ್ಕೆ ಬರುತ್ತೇನೆ. ಆಟ ನಡೆಸುವವರು ಮೇಜಿನ ಮೇಲೆ ಒಂದು ಅಡ್ಡ ಇಟ್ಟುಕೊಂಡು ಅದರ ಹಿಂದೆ ತಮ್ಮ ದಾಳ ಹಾಕಬೇಕೆಂದು ಪುಸ್ತಕದಲ್ಲಿ ಇತ್ತು. ನಾನು ಮನೆಯಿಂದ ಅಕ್ಕಿ ಕೇರುವ ಗೆರಸೆ ತಂದು ಬಿಸ್ಕಿಟ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಜೀವಕ್ಕೆ ಅಪಾಯ ಇರುವ ದಾಳವನ್ನು ನಾನೇ ಹಾಕುವುದು, ಗೆರಸೆಯ ಹಿಂದೆ ಹಾಕುವುದು ಎಂದು ನಿಯಮವನ್ನೂ ಮಾಡಿದೆ. ಕಾರಣ ಸರಳ. ನನ್ನ ಕೈಯಲ್ಲಿ ಯಾರನ್ನೂ ಕೊಲ್ಲಲು ಆಗುತ್ತಿರಲಿಲ್ಲ. ದಾಳದಲ್ಲಿ ಎರಡು ಬಿದ್ದರೂ "ಅಬ್ಬ, ಬಚಾವ್!" ಅನ್ನುತ್ತಿದ್ದೆ. ಒಂದು ಶಾಲೆಯ ಶಿಬಿರದಲ್ಲಿ ಮಕ್ಕಳು ಇದನ್ನು ಮೊದಲ ದಿನವೇ ಪತ್ತೆ ಹಚ್ಚಿದರು. ಮರುದಿನ ಎಲ್ಲ ವೀರರೂ ಸಾಲಾಗಿ ಬಾವಿಗೆ ಹಾರಿದರು, ಸಾಯುವುದಿಲ್ಲ ಎಂಬ ಧೈರ್ಯದಲ್ಲಿ. "ನಿಮ್ಮ ಮೇಜಿನಲ್ಲಿ ಯಮನಿಗೆ ನೌಕರಿ ಇಲ್ಲ ಅಕ್ಕ" ಎಂದು ಶರೀಫರು ನಕ್ಕರು. ಒಳ್ಳೆಯ ಮನಸ್ಸು ನನ್ನದು ಎಂದು ನನಗೇ ನಾನು ಹೇಳಿಕೊಂಡು ಗೆರಸೆಯನ್ನು ಅಲ್ಲೇ ಇಟ್ಟೆ.

ಕೆಲವು ಶನಿವಾರ ಸಿಸ್ಟರ್ ಬರಲಿಲ್ಲ. ಊಟ ಸೇರುತ್ತಿಲ್ಲ, ಮಂಗಳೂರಿನಲ್ಲಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಾರೆ ಎಂದು ಗೊತ್ತಾಯಿತು. ಒಂದು ಮಧ್ಯಾಹ್ನ ಜೆಸ್ಸಿ ಫೋನ್ ಮಾಡಿದಳು.

"ಆಂಟಿ, ಅಮ್ಮನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತೆ. ನಾವು ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ. ಶನಿವಾರ ಬರ್ಬೇಕು ಅಂತ ಹಟ ಮಾಡ್ತಿದ್ದಾರೆ. ನೀವು ಎಂತದೂ ಹೇಳ್ಬೇಡಿ, ಆಯ್ತಾ? ಖುಷಿಯಲ್ಲಿ ಆಡಿಸಿ ಕಳ್ಸಿ."

ಆಯಿತು ಎಂದು ಮಾತು ಕೊಟ್ಟೆ. ಫೋನ್ ಇಟ್ಟು ಅತ್ತೆ. ಶರೀಫರಿಗೂ ಭಟ್ರಿಗೂ ಹೇಳಿದೆ. ಮೂವರೂ ಸೇರಿ, ಶನಿವಾರ ಸಿಸ್ಟರಿಗೆ ಒಂದು ಕೂದಲೂ ಕೊಂಕಬಾರದು ಎಂದು ತೀರ್ಮಾನಿಸಿದೆವು. ಪೈಲಿಗೆ ಆ ದಿನ ನಿಧಿ ಸಿಗಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಮೂವರು ಮುದಿ ಪೆದ್ದರ ಒಳಸಂಚು.

ಸಿಸ್ಟರ್ ಬಂದರು. ಸೀರೆ ಅವರಿಗೆ ದೊಡ್ಡದಾದ ಹಾಗೆ ಕಾಣುತ್ತಿತ್ತು. "ಎಂತ ಸಿಸ್ಟರ್, ಭಾರೀ ಚೆಂದ ಕಾಣ್ತೀರಿ!" ಎಂದರು ಭಟ್ರು, ಎಂದೂ ಹಾಗೆ ಮಾತಾಡದ ಮನುಷ್ಯ. ಶರೀಫರು ಕೇಳುವ ಮೊದಲೇ ಬಿಸಿನೀರು ತಂದಿಟ್ಟರು. ನಾನು ಅತಿಯಾಗಿ ನಗುತ್ತಿದ್ದೆ. ಸಿಸ್ಟರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ಕೂತರು.

ಆಟದಲ್ಲಿ ಪೈಲಿ ಅರಮನೆಯಿಂದ ಒಂದು ಕಂಚಿನ ದೀಪ ಕದ್ದು ಓಡಿ ಬರುತ್ತಿದ್ದ. ಎದುರಿಗೆ ತುಂಬಿದ ಹೊಳೆ, ಹಳೆಯ ಹಗ್ಗದ ಸಂಕ. ಆಚೆ ದಡದಲ್ಲಿ ರಾಜಕುಮಾರ ಕಾಯುತ್ತಿದ್ದ. ಪೈಲಿ ಸಂಕದ ನಡುವೆ ಬಂದಾಗ ಹಗ್ಗ ಹರಿಯಿತು ಎಂದು ಕತೆಯ ಓಘದಲ್ಲಿ ನನ್ನ ಬಾಯಿಯಿಂದ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ. ಪರವಾಗಿಲ್ಲ, ಗೆರಸೆ ಇದೆಯಲ್ಲ. ದಾಳ ಹಾಕಿದೆ. ಮೂರು ಬಿತ್ತು.

"ಹದಿನೇಳು!" ಎಂದೆ. "ಪೈಲಿ ಹಾರಿ ದಡ ಸೇರಿದ!"

ಭಟ್ರು ಚಪ್ಪಾಳೆ ತಟ್ಟಿದರು. ಸಿಸ್ಟರ್ ತಟ್ಟಲಿಲ್ಲ.

"ಸರೋಜಕ್ಕ, ಗೆರಸೆ ತೆಗೀರಿ."

"ಯಾಕೆ ಸಿಸ್ಟರ್? ಹದಿನೇಳೇ ಬಿದ್ದದ್ದು."

"ನಾನು ವಾರ್ಡಿನಲ್ಲಿ ಎಷ್ಟು ಮನೆಯವರ ಮುಖ ನೋಡಿದವಳು! ಒಳಗೆ ಡಾಕ್ಟ್ರ ಹತ್ರ ಕೇಳಿ ಬಂದು, ಹೊರಗೆ ಪೇಶಂಟಿನ ಹತ್ರ 'ಎಂತ ಇಲ್ಲ' ಅನ್ನುವ ಮುಖ. ಈಗ ಜೆಸ್ಸಿದು ಹಾಗೇ ಉಂಟು. ಅಳಿಯಂದು ಹಾಗೇ ಉಂಟು. ಇವತ್ತು ನಿಮ್ಮ ಮೂರು ಜನರದ್ದೂ ಹಾಗೇ ಉಂಟು. ತೆಗೀರಿ."

ಭಟ್ರು ಗಡಬಡಿಸಿ ಎದ್ದು, ಹೊಳೆಯ ಕಡೆ ಕೈಚಾಚಿ, "ಎಲೌ ನದಿಯೇ, ಒಬ್ಬ ಬಡ ಕಳ್ಳನನ್ನು ಕೊಂಡುಹೋಗಿ ನಿನಗೆ..." ಎಂದು ಶುರುಮಾಡಿದರು. ದನಿ ಅಲ್ಲೇ ಒಡೆಯಿತು.

"ಕೂತ್ಕೊಳ್ಳಿ ಭಟ್ರೆ. ನಿಮ್ಮ ಮಾತು ನನಗೆ ಇಷ್ಟ. ಆದ್ರೆ ಈಗ ಬೇಡ. ಎಲ್ಲರಿಗೂ ನನ್ನ ಮೇಲೆ ಪಾಪ ಕಾಣ್ತದೆ. ದಾಳಕ್ಕೆ ಮಾತ್ರ ಕಾಣುದಿಲ್ಲ. ನಾನು ಬಸ್ಸು ಹತ್ತಿ ಬಂದದ್ದು ಅದಕ್ಕೇ."

ನಾನು ಗೆರಸೆ ತೆಗೆದೆ. ಮೂರು. ಎಲ್ಲರೂ ನೋಡಿದರು. ಸಿಸ್ಟರ್ ದಾಳದ ಮೇಲೆ ಬೆರಳಿಟ್ಟರು.

"ಬಿದ್ದ, ಅಲ್ವಾ? ಸರಿ. ಈಗ ನಿಯಮ ಎಂತ ಉಂಟು?"

ನಿಯಮ! ನನ್ನ ಅಷ್ಟು ದಪ್ಪ ಪುಸ್ತಕವನ್ನು ಹಿಂದೆ ಮುಂದೆ ತಿರುವಿದೆ. ಪಾಚಿಗೆ ಇತ್ತು, ಜಿಗಣೆಗೆ ಇತ್ತು. ನನ್ನ ಮೇಜಿನಲ್ಲಿ ಒಬ್ಬರೂ ಸತ್ತವರಿಲ್ಲದ ಕಾರಣ ಸಾಯುವುದಕ್ಕೆ ಒಂದು ಗೆರೆಯೂ ಇರಲಿಲ್ಲ.

"ಇಲ್ಲ ಸಿಸ್ಟರ್" ಎಂದೆ.

"ಹಾಗಾದ್ರೆ ಬರ್ಕೊಳ್ಳಿ. ಬಿದ್ದವನಿಗೆ ಮೂರು ಕೆಲಸ ಮಾಡ್ಲಿಕ್ಕೆ ಸಮಯ ಉಂಟು. ಎಂತ ಮಾಡುದು ಅಂತ ಅವನೇ ಹೇಳ್ಬೇಕು, ಬೇರೆಯವರು ಹೇಳ್ಲಿಕ್ಕಿಲ್ಲ. ನಾನು ನೋಡಿದ್ದೇನೆ. ಗೊತ್ತಿದ್ದವರು ಮೂರು ಕೆಲಸ ಆದ್ರೂ ಮಾಡಿ ಹೋಗ್ತಾರೆ. ಗೊತ್ತಿಲ್ಲದವರು ಗ್ಯಾಸ್ಟ್ರಿಕಿನ ಮಾತ್ರೆ ತಿಂತಾ ತಿಂತಾ ಹೋಗ್ತಾರೆ."

ಅವರು ದಾಳ ತೆಗೆದುಕೊಂಡರು. ಮೊದಲನೆಯದು, ಪೈಲಿ ದೀಪವನ್ನು ದಡಕ್ಕೆ ಎಸೆದ. ಹದಿಮೂರು, ದಾಟಿತು. ಎರಡನೆಯದು, ಚೀಲದಲ್ಲಿದ್ದ ರಾಜಕುಮಾರನ ಚಪ್ಪಲಿಯನ್ನೂ ಎಸೆದ. ಒಂದು ಚಪ್ಪಲಿ ದಡಕ್ಕೆ ಬಿತ್ತು, ಒಂದು ಹೊಳೆಗೆ ಹೋಯಿತು. ಭಟ್ರು ಅಳುತ್ತಲೇ ನಕ್ಕರು.

"ಮೂರನೇದು" ಎಂದು ಸಿಸ್ಟರ್ ದಾಳ ಕೆಳಗಿಟ್ಟರು. "ಪೈಲಿ ಒಂದು ಪ್ರಶ್ನೆ ಕೇಳ್ತಾನೆ. ಜೆಸ್ಸಿ ನಿಮಗೆ ಫೋನ್ ಮಾಡಿ ಎಂತ ಹೇಳಿದ್ಳು?"

ಶರೀಫರ ಕೈ ಗಂಟೆಯ ಮೇಲೆ ಇತ್ತು. ಬಾರಿಸಿ, ಆಟ ಮುಗಿಸಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಬಾರಿಸಲಿಲ್ಲ. ಒಂದು ಕಡೆ ಆ ಹುಡುಗಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಎದುರಿಗೆ ಕೂತ ಸಿಸ್ಟರ್. ನನಗೆ ಅಡಗಲು ಗೆರಸೆಯೂ ಇರಲಿಲ್ಲ. ಹೇಳಿದೆ. ಕ್ಯಾನ್ಸರ್ ಎಂದೇ ಹೇಳಿದೆ.

"ಎಷ್ಟು ಮುಂದೆ ಹೋಗಿದೆ?"

"ನನಗೆ ಗೊತ್ತಿಲ್ಲ ಸಿಸ್ಟರ್."

"ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ್ರಿ. ಸಾಕು" ಎಂದು ಅವರು ನನ್ನ ಕೈಯನ್ನು ಒಮ್ಮೆ ತಟ್ಟಿ, ಬಿಸಿನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಸಂಜೆ ಜೆಸ್ಸಿ ಫೋನಿನಲ್ಲಿ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. "ಹೇಳ್ಲಿಕ್ಕೆ ನೀವು ಯಾರು? ಆಟ ಆಡಿಸುವವರು ಆಟ ಆಡಿಸಿಕೊಂಡು ಇರ್ಬೇಕು!" ಅವಳು ಹೇಳಿದ್ದು ಸರಿ. ನಾನು ಮಾಡಿದ್ದು ಸರಿಯೋ ಎಂದು ಕೇಳಿದರೆ ಇವತ್ತಿಗೂ ನನಗೆ ಧೈರ್ಯವಾಗಿ ಹೇಳಲು ಬರುವುದಿಲ್ಲ. ನನಗೆ ಗೊತ್ತಿರುವುದು ಆಮೇಲೆ ನಡೆದದ್ದು ಮಾತ್ರ. ಸಿಸ್ಟರ್ ಪರೀಕ್ಷೆಯ ಕಾಗದಗಳನ್ನೆಲ್ಲ ತಾವೇ ತರಿಸಿ ಓದಿದರು. ಎಲ್ಲಿ ಚಿಕಿತ್ಸೆ, ಎಷ್ಟರವರೆಗೆ ಎಂಬುದನ್ನು ಡಾಕ್ಟರ ಹತ್ತಿರ ತಾವೇ ಮಾತಾಡಿ ನಿಶ್ಚಯಿಸಿದರು. ಕೇರಳದಲ್ಲಿ ಮಾತು ಬಿಟ್ಟು ಕೂತಿದ್ದ ತಮ್ಮನನ್ನು ಕರೆಸಿ, ಚೆನ್ನಾಗಿ ಬೈದು, ಮೀನು ಸಾರಿನ ಊಟ ಹಾಕಿ ಕಳಿಸಿದರು. ಗೆರಸೆ ನಮ್ಮ ಅಡುಗೆಮನೆಗೆ ವಾಪಸು ಹೋಯಿತು. ಈಗಿನ ಹೊಸಬರು ಮೊಬೈಲಿನಲ್ಲಿ ದಾಳ ಹಾಕುತ್ತಾರೆ, ಹಾಕಲಿ. ಆದರೆ ಮೊಬೈಲನ್ನು ಮೇಜಿನ ನಡುವೆ ಇಟ್ಟು ಹಾಕಿ ಮಕ್ಕಳೇ, ಎಲ್ಲರಿಗೂ ಕಾಣಲಿ.

ಸಿಸ್ಟರ್ ಕೊನೆಯ ಸಲ ಬಂದದ್ದು ಜೆಸ್ಸಿಯ ಕಾರಿನಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡು. ಮೆಟ್ಟಿಲು ಹತ್ತಲು ಜೆಸ್ಸಿಯೂ ಶರೀಫರೂ ಹಿಡಿದುಕೊಂಡರು. ಜೆಸ್ಸಿ ನನ್ನ ಮುಖ ನೋಡಲಿಲ್ಲ, ಆದರೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಮ್ಮನ ಪಕ್ಕದಲ್ಲೇ ಕೂತಳು.

"ಇವತ್ತು ನಾನು ನಡೆಸುದು" ಎಂದರು ಸಿಸ್ಟರ್. "ಸರೋಜಕ್ಕ ಆಡ್ಲಿ."

ಅಷ್ಟು ವರ್ಷಗಳಲ್ಲಿ ನಾನು ಆ ಮೇಜಿನಲ್ಲಿ ಆಟಗಾರಳಾಗಿ ಕೂತದ್ದು ಅದೇ ಮೊದಲು. ರಾಣಿಯಾಗುತ್ತೇನೆ ಎಂದೆ, ಆಸೆ ನೋಡಿ. ರಾಣಿ ಅರಮನೆಯಿಂದ ದಿಗ್ವಿಜಯಕ್ಕೆ ಹೊರಟಳು. ಸಿಸ್ಟರ್ ಎಲ್ಲರೆದುರು ದಾಳ ಹಾಕಿದರು. ಒಂದು ಬಿತ್ತು.

"ಅಂಗಳದಲ್ಲಿ ಪಾಚಿ ಇತ್ತು. ರಾಣಿ ಜಾರಿ ಬಿದ್ಳು. ತಲೆ ಕಲ್ಲಿಗೆ ತಾಗಿತು. ಉಳಿಯುದಿಲ್ಲ" ಎಂದರು, ಕರುಣೆಯೇ ಇಲ್ಲದೆ.

"ದಿನಾ ನಡೆಯುವ ಅಂಗಳಕ್ಕೆ ದಾಳ ಹಾಕ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದು!" ಎಂದು ನಾನು ಜಗಳಕ್ಕೆ ನಿಂತೆ.

"ರಾಣಿ ಯಾವತ್ತು ಅಂಗಳಕ್ಕೆ ಇಳಿದಿದ್ಳು? ಯಾವಾಗ್ಲೂ ಗೆರಸೆಯ ಹಿಂದೆಯೇ ಕೂತವಳು."

ಜೆಸ್ಸಿ ಜೋರಾಗಿ ನಕ್ಕಳು. ನಕ್ಕ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭಟ್ರೂ ಶರೀಫರೂ ನಕ್ಕರು. ಯಾಕೆ ಆಡುದು ಎಂದು ಕೇಳಿದ ಪೊಲೀಸರು ಆ ಹೊತ್ತಿಗೆ ಬಂದಿದ್ದರೆ ಅವರನ್ನು ಸುಮ್ಮನೆ ಒಂದು ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದೆ.

ನಗು ನಿಂತ ಮೇಲೆ ಸಿಸ್ಟರ್ ಮುಂದಕ್ಕೆ ಬಾಗಿದರು. ನಾನು ಸಾವಿರ ಸಲ ಬೇರೆಯವರನ್ನು ಕೇಳಿದ ಪ್ರಶ್ನೆಯನ್ನು ಮೊದಲ ಸಲ ಯಾರೋ ನನ್ನನ್ನು ಕೇಳಿದರು.

"ಮೂರು ಕೆಲಸ ಉಂಟು ನಿಮಗೆ. ಈಗ ಎಂತ ಮಾಡ್ತೀರಿ?"

ರಾಣಿ, ದಿಗ್ವಿಜಯ ಎಲ್ಲ ಮರೆತುಹೋಯಿತು.

"ನಿಮ್ಮ ಕೈ ಹಿಡ್ಕೊಳ್ತೇನೆ ಸಿಸ್ಟರ್" ಎಂದೆ. ಅಭ್ಯಾಸ ಬಲದಿಂದ ಇನ್ನೊಂದು ಕೈ ದಾಳದ ಕಡೆ ಹೋಯಿತು.

ಸಿಸ್ಟರ್ ದಾಳವನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಕೈ ಚಾಚಿದರು.

"ಇದಕ್ಕೆ ದಾಳ ಬೇಡ" ಎಂದರು.